ಬಿ.ಎಡ್. ಪದವಿ, ಸಾಲದ ಕಂತು ಮತ್ತು ಶಿಕ್ಷಕರ ಸಂಬಳ: ಕೂಡಿಸಿ ನೋಡಬೇಕಾದ ಲೆಕ್ಕ

ಹನ್ನೆರಡನೆಯ ತರಗತಿ ಹಾಗೂ ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಮುಂಬಯಿ, ಠಾಣೆ, ಪುಣೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಮುಂದಿನ ವಿದ್ಯಾಭ್ಯಾಸದ ಚರ್ಚೆ ಜೋರಾಗಿಯೇ ನಡೆಯುತ್ತದೆ. ಮಗ ಇಂಜಿನಿಯರಿಂಗ್ ಓದುತ್ತೇನೆಂದರೆ ಯಾವ ಕಾಲೇಜು, ಎಷ್ಟು ಶುಲ್ಕ, ಓದು ಮುಗಿದ ಮೇಲೆ ಎಷ್ಟು ಸಂಬಳ ಎಂದು ಮನೆಮಂದಿಯೆಲ್ಲ ಕೂಡಿ ಲೆಕ್ಕ ಹಾಕುತ್ತಾರೆ. ಮಗಳು ಶಿಕ್ಷಕಿಯಾಗುತ್ತೇನೆ, ಬಿ.ಎಡ್. ಮಾಡುತ್ತೇನೆ ಎಂದಾಗ ಮಾತ್ರ ಆ ಲೆಕ್ಕದ ಪುಸ್ತಕ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. “ಗೌರವದ ಕೆಲಸ, ಹೆಣ್ಣುಮಕ್ಕಳಿಗೆ ಒಗ್ಗುವ ಕೆಲಸ, ರಜೆಯೂ ಸಿಗುತ್ತದೆ” ಎಂಬ ಮೂರು ಮಾತುಗಳಲ್ಲಿ ನಿರ್ಧಾರ ಮುಗಿದುಹೋಗುತ್ತದೆ.

ಶಿಕ್ಷಕ ವೃತ್ತಿಯ ಗೌರವದ ಬಗ್ಗೆ ನಮಗೆ ಎರಡು ಮಾತಿಲ್ಲ. ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ತಲೆಮಾರಿನ ಕನ್ನಡಿಗರಿಗೆ ಈ ಮಹಾನಗರದಲ್ಲಿ ಬದುಕು ಕಟ್ಟಿಕೊಟ್ಟವರು ಅಧ್ಯಾಪಕರೇ ಎಂಬುದನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಆದರೆ ಆ ಕಾಲದಲ್ಲಿ ಶಿಕ್ಷಕರ ತರಬೇತಿ ಅಲ್ಪಾವಧಿಯದಾಗಿತ್ತು, ಖರ್ಚು ಕಡಿಮೆಯಿತ್ತು. ಇಂದು ತರಬೇತಿಯ ಅವಧಿ ಹಿಗ್ಗಿದೆ, ಶುಲ್ಕ ಏರಿದೆ, ಕಾಯಂ ಹುದ್ದೆ ದೂರ ಸರಿದಿದೆ. ನಡುವೆ ಬ್ಯಾಂಕಿನ ಸಾಲವೂ ಬಂದು ಕುಳಿತಿದೆ. ಆದುದರಿಂದ ಈ ವೃತ್ತಿಯನ್ನು ಆರಿಸಿಕೊಳ್ಳುವ ಮಕ್ಕಳ ಪರವಾಗಿ ಒಮ್ಮೆ ಕುಳಿತು ಲೆಕ್ಕ ಹಾಕುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಬದಲಾದ ನಿಯಮಗಳು

ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ಶಿಕ್ಷಕರ ತರಬೇತಿಯ ದುಃಸ್ಥಿತಿಯನ್ನು ಕುರಿತು ವರದಿ ನೀಡಿದ ಬಳಿಕ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ., 2014ರಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ 2015-16ರಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷಗಳದ್ದಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2030ರ ವೇಳೆಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಎಡ್. ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿತು. ಹನ್ನೆರಡನೆಯ ತರಗತಿ ಮುಗಿಸಿದವರು ನೇರವಾಗಿ ಸೇರಬಹುದಾದ ಈ ಹೊಸ ಕೋರ್ಸು 2023-24ರಿಂದ ಆಯ್ದ ಸಂಸ್ಥೆಗಳಲ್ಲಿ ಪ್ರಾರಂಭವಾಗಿದೆ. ಇದಲ್ಲದೆ ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗಾಗಿ ಒಂದು ವರ್ಷದ ಬಿ.ಎಡ್. ಅನ್ನು ಮರಳಿ ತರುವ ಕರಡು ನಿಯಮಗಳನ್ನು ಪರಿಷತ್ತು 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು.

ನ್ಯಾಯಾಲಯದ ಎರಡು ತೀರ್ಪುಗಳನ್ನೂ ಇಲ್ಲಿ ಗಮನಿಸಬೇಕು. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಒಂದರಿಂದ ಐದನೆಯ ತರಗತಿಯವರೆಗಿನ ಶಿಕ್ಷಕ ಹುದ್ದೆಗೆ ಬಿ.ಎಡ್. ಅರ್ಹತೆಯಾಗದು ಎಂದು ಸ್ಪಷ್ಟಪಡಿಸಿತು. ಆ ತರಗತಿಗಳಿಗೆ ಬೇಕಾದುದು ಹಿಂದೆ ಡಿ.ಎಡ್. ಎಂದು ಕರೆಯಲಾಗುತ್ತಿದ್ದ, ಈಗಿನ ಡಿ.ಎಲ್.ಎಡ್. ಡಿಪ್ಲೊಮಾ. “ಬಿ.ಎಡ್. ಮಾಡಿದರೆ ಯಾವ ತರಗತಿಗಾದರೂ ಕಲಿಸಬಹುದು” ಎಂಬ ನಂಬಿಕೆಯಲ್ಲಿ ಲಕ್ಷಾಂತರ ರೂಪಾಯಿ ಸುರಿದವರಿಗೆ ಇದು ದೊಡ್ಡ ಪೆಟ್ಟಾಯಿತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯ, ಮಹಾರಾಷ್ಟ್ರ ಮತ್ತು ತಮಿಳುನಾಡುಗಳಿಂದ ಬಂದ ಪ್ರಕರಣಗಳಲ್ಲಿ, ಸೇವೆಯಲ್ಲಿರುವ ಶಿಕ್ಷಕರೂ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿ.ಇ.ಟಿ.ಯಲ್ಲಿ ತೇರ್ಗಡೆಯಾಗಬೇಕೆಂದು ತೀರ್ಪಿತ್ತಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದವರಿಗೆ ಎರಡು ವರ್ಷದ ಗಡುವನ್ನೂ ವಿಧಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ವಿಸ್ತೃತ ಪೀಠದ ಪರಿಶೀಲನೆಗೆ ಬಿಟ್ಟುಕೊಟ್ಟಿತು. ಮಹಾರಾಷ್ಟ್ರದಲ್ಲಿ ನಮ್ಮವರ ಅನೇಕ ವಿದ್ಯಾಸಂಸ್ಥೆಗಳು ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಪಡೆದವುಗಳಾದ ಕಾರಣ ಈ ಪ್ರಶ್ನೆ ನಮಗೆ ಪರಕೀಯವಲ್ಲ.

ಇವೆಲ್ಲವುಗಳ ಒಟ್ಟು ಅರ್ಥ ಇಷ್ಟೇ. ಪದವಿಪತ್ರ ಕೈಗೆ ಬಂದ ಮಾತ್ರಕ್ಕೆ ಶಿಕ್ಷಕ ಹುದ್ದೆ ಕೈಗೆ ಬಂದಂತಾಗುವುದಿಲ್ಲ. ಪದವಿಯ ಮುಂದೆ ಅರ್ಹತಾ ಪರೀಕ್ಷೆ, ಅದರ ಮುಂದೆ ನೇಮಕಾತಿ ಪರೀಕ್ಷೆ, ಅದರಾಚೆ ಖಾಲಿ ಹುದ್ದೆಗಳ ಜಾಹೀರಾತು ಎಂಬ ಮೂರು ಬಾಗಿಲುಗಳಿವೆ. ಸಾಲ ಮಾಡುವವರು ಈ ಮೂರನ್ನೂ ದಾಟುವವರೆಗಿನ ಕಾಲವನ್ನು ಲೆಕ್ಕಕ್ಕೆ ಹಿಡಿಯಬೇಕು.

ಒಂದೇ ಕೆಲಸ, ಎರಡು ಸಂಬಳ

ಶಿಕ್ಷಕರಿಗೆ ಎಷ್ಟು ಸಂಬಳ ಎಂದು ಕೇಳಿದರೆ ಒಂದೇ ಉತ್ತರ ದೊರೆಯದು. ವೇತನ ಶ್ರೇಣಿಯುಳ್ಳ ಹುದ್ದೆಯದು ಒಂದು ಲೋಕ, ಅದಿಲ್ಲದ ಹುದ್ದೆಯದು ಇನ್ನೊಂದು ಲೋಕ.

ಮೊದಲ ಲೋಕವನ್ನು ನೋಡೋಣ. ಏಳನೆಯ ವೇತನ ಆಯೋಗದ ಪ್ರಕಾರ ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ಶಿಕ್ಷಕರ ಆರಂಭಿಕ ಮೂಲ ವೇತನ 35,400 ರೂ., ತರಬೇತಿ ಪಡೆದ ಪದವೀಧರ ಶಿಕ್ಷಕರದು 44,900 ರೂ., ಸ್ನಾತಕೋತ್ತರ ಶಿಕ್ಷಕರದು 47,600 ರೂ. ಎಂದು ನಿಗದಿಯಾಯಿತು. ಮಹಾರಾಷ್ಟ್ರ ಸರಕಾರದ ಏಳನೆಯ ವೇತನ ಶ್ರೇಣಿಯಲ್ಲಿ ಪ್ರಾಥಮಿಕ ಶಿಕ್ಷಕರಿಗೆ 29,200 ರೂ., ಪದವೀಧರ ಪ್ರೌಢಶಾಲಾ ಶಿಕ್ಷಕರಿಗೆ 38,600 ರೂ. ಆರಂಭಿಕ ಮೂಲ ವೇತನವಿದೆ. ಇದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆಗಳು ಸೇರುತ್ತವೆ. ಈ ಹುದ್ದೆ ಸಿಕ್ಕವರಿಗೆ ಎರಡು ಮೂರು ಲಕ್ಷದ ಸಾಲ ಹೊರೆಯೇ ಅಲ್ಲ.

ಆದರೆ ಮಹಾರಾಷ್ಟ್ರದಲ್ಲಿ ಈ ಶ್ರೇಣಿಗೆ ನೇರ ಪ್ರವೇಶವಿಲ್ಲ. 2000ದಲ್ಲಿ ಜಾರಿಗೆ ಬಂದ ‘ಶಿಕ್ಷಣ ಸೇವಕ’ ಪದ್ಧತಿಯಂತೆ ಹೊಸದಾಗಿ ನೇಮಕಗೊಂಡವರು ಮೊದಲ ಮೂರು ವರ್ಷ ಕೇವಲ ಗೌರವಧನದ ಮೇಲೆ ದುಡಿಯಬೇಕು. ಬಹುಕಾಲ ಪ್ರಾಥಮಿಕ ವಿಭಾಗದಲ್ಲಿ ತಿಂಗಳಿಗೆ 6,000 ರೂ., ಪ್ರೌಢಶಾಲೆಯಲ್ಲಿ 8,000 ರೂ. ಇದ್ದ ಈ ಮೊತ್ತವನ್ನು 2023ರ ಜನವರಿಯಿಂದ ಕ್ರಮವಾಗಿ 16,000 ಮತ್ತು 18,000 ರೂಪಾಯಿಗಳಿಗೆ ಏರಿಸಲಾಯಿತು. ಏರಿಕೆ ದೊಡ್ಡದೇ, ಆದರೂ ಮುಂಬಯಿಯಂಥ ನಗರದಲ್ಲಿ 18,000 ರೂಪಾಯಿಯಲ್ಲಿ ಬಾಡಿಗೆ, ರೈಲಿನ ಪಾಸು, ಮನೆಖರ್ಚು ಎಲ್ಲವನ್ನೂ ತೂಗಿಸುವುದು ಎಷ್ಟು ಕಷ್ಟವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಈ ಸೇವಕ ಹುದ್ದೆಗೂ ಕಾಯಬೇಕು. ಸರಕಾರಿ ಹಾಗೂ ಅನುದಾನಿತ ಶಾಲೆಗಳ ನೇಮಕಾತಿ ‘ಪವಿತ್ರ’ ಎಂಬ ಗಣಕ ವ್ಯವಸ್ಥೆಯ ಮೂಲಕ, ‘ಟೈಟ್’ ಎಂದು ಕರೆಯಲ್ಪಡುವ ಅಭಿಯೋಗ್ಯತಾ ಪರೀಕ್ಷೆಯ ಅಂಕಗಳ ಆಧಾರದಲ್ಲಿ ನಡೆಯುತ್ತದೆ. ಆ ಪರೀಕ್ಷೆ ಮೊದಲು ನಡೆದದ್ದು 2017ರ ಡಿಸೆಂಬರಿನಲ್ಲಿ. ಎರಡನೆಯದು ನಡೆದದ್ದು 2023ರಲ್ಲಿ, ಮೂರನೆಯದು 2025ರಲ್ಲಿ. 2018ರಲ್ಲಿ ಬಿ.ಎಡ್. ಮುಗಿಸಿದ ಯುವತಿಯೊಬ್ಬಳು ಈ ಪರೀಕ್ಷೆಗೆ ಕೂರುವುದಕ್ಕೇ ಐದು ವರ್ಷ ಕಾಯಬೇಕಾಯಿತು ಎಂದಾಯಿತು.

ಊರಿಗೆ ಮರಳಿ ಅಲ್ಲಿಯೇ ಕೆಲಸ ಹುಡುಕೋಣವೆಂದರೆ ಕರ್ನಾಟಕದ ಕಥೆಯೂ ಹೆಚ್ಚು ಭಿನ್ನವಾಗಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆದು, ಆಯ್ಕೆಪಟ್ಟಿಯು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ನೇಮಕಾತಿ ಒಂದು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. ಖಾಲಿ ಉಳಿದ ಸ್ಥಾನಗಳನ್ನು ಅಲ್ಲಿ ಅತಿಥಿ ಶಿಕ್ಷಕರು ತುಂಬುತ್ತಾರೆ. 2025ರ ಬಜೆಟ್ಟಿನಲ್ಲಿ ಅವರ ಗೌರವಧನಕ್ಕೆ 2,000 ರೂ. ಸೇರಿಸಿದ ಮೇಲೂ ಅದು ತಿಂಗಳಿಗೆ ಸುಮಾರು 12,000 ರೂಪಾಯಿಗಳ ಆಸುಪಾಸಿನಲ್ಲಿತ್ತು. ಬೇಸಗೆಯ ರಜೆಯ ತಿಂಗಳುಗಳಿಗೆ ಅದೂ ಇಲ್ಲ.

ಕಾಯುವ ಈ ವರ್ಷಗಳಲ್ಲಿ ಬಹುಪಾಲು ಪದವೀಧರರು ಅನುದಾನರಹಿತ ಖಾಸಗಿ ಶಾಲೆಗಳನ್ನು ಸೇರುತ್ತಾರೆ. ಮಹಾರಾಷ್ಟ್ರದಲ್ಲಿ ಖಾಸಗಿ ಶಾಲಾ ನೌಕರರ ಸೇವಾ ನಿಯಮಗಳ ಕುರಿತಾದ 1977ರ ಕಾಯಿದೆಯೇ ಇದೆ. ಹಾಗಿದ್ದರೂ ಕಾಯಿದೆಯ ಪುಸ್ತಕದಲ್ಲಿರುವ ಸಂಬಳಕ್ಕೂ ತಿಂಗಳ ಕೊನೆಗೆ ಕೈಸೇರುವ ಸಂಬಳಕ್ಕೂ ಇರುವ ಅಂತರವನ್ನು ಈ ವೃತ್ತಿಯಲ್ಲಿರುವವರು ಚೆನ್ನಾಗಿ ಬಲ್ಲರು. ಖಾಸಗಿ ಶಾಲಾ ಶಿಕ್ಷಕರಿಗೆ ಗ್ರ್ಯಾಚ್ಯುಟಿಯ ಹಕ್ಕು ಉಂಟೆಂಬುದನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2022ರಲ್ಲಿ.

ಬ್ಯಾಂಕು ಕಾಯುವುದು ಒಂದೇ ವರ್ಷ

ಈಗ ಸಾಲದ ಕಡೆಗೆ ಬರೋಣ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಬೇಕಿಲ್ಲ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳಲಾಗುತ್ತದೆ. ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡು ವರ್ಷದ ಬಿ.ಎಡ್.ಗೆ ವರ್ಷಕ್ಕೆ ಒಂದು ಲಕ್ಷದಂತೆ 2 ಲಕ್ಷ ರೂ. ಸಾಲ, ಬಡ್ಡಿ ಶೇಕಡ 10 ಎಂದಿಟ್ಟುಕೊಳ್ಳಿ. ಕಂತು ಪ್ರಾರಂಭವಾಗುವ ಹೊತ್ತಿಗೆ ಮೊದಲ ಲಕ್ಷಕ್ಕೆ ಮೂರು ವರ್ಷದ, ಎರಡನೆಯ ಲಕ್ಷಕ್ಕೆ ಎರಡು ವರ್ಷದ ಸರಳ ಬಡ್ಡಿ ಸೇರಿ ಬಾಕಿ 2,50,000 ರೂಪಾಯಿಗಳಾಗುತ್ತದೆ. ಇದನ್ನು ಏಳು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 4,150 ರೂ. ಒಟ್ಟು ಕಟ್ಟುವ ಹಣ ಸುಮಾರು ಮೂರೂವರೆ ಲಕ್ಷ. ಪೂರ್ಣ ವೇತನ ಶ್ರೇಣಿಯ ಪ್ರೌಢಶಾಲಾ ಶಿಕ್ಷಕಿಗೆ ಈ ಕಂತು ಮೂಲ ವೇತನದ ಒಂಬತ್ತನೆಯ ಒಂದು ಪಾಲು. 18,000 ರೂಪಾಯಿಯ ಶಿಕ್ಷಣ ಸೇವಕಿಗೆ ಅದು ಹೆಚ್ಚುಕಡಿಮೆ ಕಾಲು ಪಾಲು. ಖಾಸಗಿ ಶಾಲೆಯಲ್ಲಿ 12,000 ರೂಪಾಯಿಗೆ ದುಡಿಯುವವಳಿಗೆ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು.

ಇನ್ನು ದುಬಾರಿ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ ಒಂದೂವರೆ ಲಕ್ಷದಂತೆ 6 ಲಕ್ಷ ಸಾಲ ಮಾಡಿದರೆ, ಕಂತು ಆರಂಭವಾಗುವಾಗ ಬಾಕಿ 8,10,000 ರೂ. ಆಗಿರುತ್ತದೆ. ಹತ್ತು ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 10,700 ರೂ. ಶಿಕ್ಷಣ ಸೇವಕರ ಗೌರವಧನದ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಗುತ್ತದೆ. ಕಂತು ತಪ್ಪಿದರೆ ಜಂಟಿ ಸಾಲಗಾರರಾದ ತಂದೆಯ ಹೆಸರಿಗೂ ಬ್ಯಾಂಕಿನಲ್ಲಿ ಮಚ್ಚೆ ಬೀಳುತ್ತದೆ, ಅದೂ ಬಹುಶಃ ಅವರು ನಿವೃತ್ತಿಯ ಅಂಚಿನಲ್ಲಿರುವಾಗ. ಮಗಳಿಗೆ ಮದುವೆಯಾದರೆ ಸಾಲವೂ ಅವಳೊಂದಿಗೇ ಹೊಸ ಮನೆಗೆ ಹೋಗುತ್ತದೆ. ಆ ಕಂತನ್ನು ಯಾರು ಕಟ್ಟಬೇಕೆಂಬ ಮಾತು ಎಷ್ಟೋ ಕುಟುಂಬಗಳಲ್ಲಿ ಮನಸ್ತಾಪಕ್ಕೆ ಕಾರಣವಾಗಬಲ್ಲುದು.

ಶುಲ್ಕಕ್ಕಿಂತ ದೊಡ್ಡದಾದ ಇನ್ನೊಂದು ಖರ್ಚು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಪದವಿ ಮುಗಿಸಿದ ಹುಡುಗಿ ಕಛೇರಿಯೊಂದರಲ್ಲಿ 18,000 ರೂಪಾಯಿ ಸಂಬಳಕ್ಕೆ ಸೇರಬಹುದಾಗಿತ್ತೆಂದರೆ, ಬಿ.ಎಡ್.ನ ಎರಡು ವರ್ಷಗಳಲ್ಲಿ ಆಕೆ ಬಿಟ್ಟುಕೊಡುವ ಆದಾಯ 4,32,000 ರೂ. ಅಂದರೆ ಸಾಲ ಮಾಡಿ ಕಟ್ಟುವ ಶುಲ್ಕದ ಎರಡು ಪಟ್ಟಿಗೂ ಹೆಚ್ಚು. ಈ ದೃಷ್ಟಿಯಿಂದ ನೋಡಿದರೆ, ಮೂರು ವರ್ಷದ ಪದವಿ ಮತ್ತು ಎರಡು ವರ್ಷದ ಬಿ.ಎಡ್. ಸೇರಿ ಐದು ವರ್ಷವಾಗುವಲ್ಲಿ ನಾಲ್ಕೇ ವರ್ಷದಲ್ಲಿ ಮುಗಿಯುವ ಸಂಯೋಜಿತ ಕೋರ್ಸು ಒಂದು ವರ್ಷದ ದುಡಿಮೆಯನ್ನು ಉಳಿಸಿಕೊಡುತ್ತದೆ, ಅದು ಸರಕಾರಿ ಸಂಸ್ಥೆಯಲ್ಲಿ ಮಿತವಾದ ಶುಲ್ಕಕ್ಕೆ ದೊರೆತರೆ ಮಾತ್ರ. ಎನ್.ಸಿ.ಇ.ಆರ್.ಟಿ.ಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳು ಈ ಬಗೆಯ ಕೋರ್ಸಿಗೆ ದಶಕಗಳಿಂದ ಹೆಸರಾಗಿವೆ. ಕರ್ನಾಟಕದವರಿಗೆ ಮೈಸೂರಿನ ಸಂಸ್ಥೆ, ಮಹಾರಾಷ್ಟ್ರದವರಿಗೆ ಭೋಪಾಲದ ಸಂಸ್ಥೆ ಗೊತ್ತುಪಡಿಸಲಾಗಿದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ.

ಸರಕಾರದ ನೆರವು ಯಾರಿಗೆ ತಲಪುತ್ತದೆ?

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ ‘ಪಿ.ಎಂ. ವಿದ್ಯಾಲಕ್ಷ್ಮಿ’ ಯೋಜನೆಯಲ್ಲಿ ಅಡಮಾನ, ಜಾಮೀನುಗಳಿಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬಡ್ಡಿಯಲ್ಲಿ ಶೇಕಡ 3ರ ರಿಯಾಯಿತಿಗೂ ಅವಕಾಶವಿದೆ. ಆದರೆ ಇದು ರಾಷ್ಟ್ರೀಯ ಶ್ರೇಯಾಂಕದ ಆಧಾರದಲ್ಲಿ ಆಯ್ಕೆಯಾದ ಸಂಸ್ಥೆಗಳಿಗೆ ಮಾತ್ರ. ಆರಂಭದ ಪಟ್ಟಿಯಲ್ಲಿದ್ದವು 860. ನಮ್ಮ ಮಕ್ಕಳು ಸೇರುವ ಬಿಡಿ ಬಿ.ಎಡ್. ಕಾಲೇಜು ಆ ಪಟ್ಟಿಯಲ್ಲಿರುವ ಸಂಭವ ಕಡಿಮೆ. ಆದಾಯ ನಾಲ್ಕೂವರೆ ಲಕ್ಷದೊಳಗಿರುವ ಕುಟುಂಬಗಳಿಗೆ ವೃತ್ತಿಪರ ಕೋರ್ಸುಗಳ ಓದಿನ ಅವಧಿಯ ಬಡ್ಡಿಯನ್ನು ಸರಕಾರವೇ ಭರಿಸುವ ಬೇರೊಂದು ಯೋಜನೆಯಿದೆ; ಅದಕ್ಕೂ ಸಂಸ್ಥೆಗೆ ಮಾನ್ಯತಾ ಶ್ರೇಣಿ ಇರಬೇಕು. ಬಡ್ಡಿಯ ಮೇಲಣ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಷ್ಟೇ ಉಂಟು. ತಿಂಗಳಿಗೆ 18,000 ರೂಪಾಯಿ ಗಳಿಸುವವರು ತೆರಿಗೆಯನ್ನೇ ಕಟ್ಟದಿರುವಾಗ ಆ ವಿನಾಯಿತಿಯಿಂದ ಅವರಿಗೆ ಪ್ರಯೋಜನವೇನು?

ಅಮೆರಿಕದಲ್ಲಿ 2007ರಲ್ಲಿ ಬಂದ ಕಾನೂನಿನಂತೆ ಸರಕಾರಿ ಶಾಲೆಗಳಲ್ಲಿ ಹತ್ತು ವರ್ಷ ದುಡಿದು ಕ್ರಮವಾಗಿ ಕಂತು ಕಟ್ಟಿದ ಶಿಕ್ಷಕರ ಉಳಿದ ಕೇಂದ್ರ ಶಿಕ್ಷಣ ಸಾಲ ಮನ್ನಾ ಆಗುತ್ತದೆ. ಶಿಕ್ಷಕ ತಯಾರಾಗುವ ಖರ್ಚಿನಲ್ಲಿ ಸಮಾಜಕ್ಕೂ ಪಾಲಿದೆ ಎಂಬುದು ಅದರ ಹಿಂದಿರುವ ತತ್ತ್ವ. ನಮ್ಮ 2020ರ ಶಿಕ್ಷಣ ನೀತಿಯೂ ನಾಲ್ಕು ವರ್ಷದ ಬಿ.ಎಡ್. ಓದುವ ಪ್ರತಿಭಾವಂತರಿಗೆ ಹೆಚ್ಚಿನ ಸಂಖ್ಯೆಯಲ್ಲಿ ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಬೇಕೆಂದು ಬರೆದಿದೆ. ಅದೇ ನೀತಿ, ಹತ್ತು ಸಾವಿರಕ್ಕೂ ಹೆಚ್ಚಿನ ಬಿಡಿ ತರಬೇತಿ ಸಂಸ್ಥೆಗಳಲ್ಲಿ ಹೆಚ್ಚಿನವು ಹಣಕ್ಕೆ ಪದವಿ ಮಾರುತ್ತಿವೆ ಎಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ. ಸಾಲದ ಹಣ ಎಲ್ಲಿಗೆ ಹೋಗುತ್ತಿದೆಯೆಂದು ಇದರಿಂದ ಊಹಿಸಬಹುದು.

ನಮ್ಮ ಅಭಿಮತ

ಹಾಗಾದರೆ ಮಕ್ಕಳು ಶಿಕ್ಷಕರಾಗಬಾರದೇ? ಖಂಡಿತ ಆಗಬೇಕು. ದೇಶದ ಶಾಲಾ ಶಿಕ್ಷಕರ ಸಂಖ್ಯೆ 2024-25ರಲ್ಲಿ ಮೊದಲ ಬಾರಿಗೆ ಒಂದು ಕೋಟಿ ದಾಟಿದ್ದರೂ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಆ ವರ್ಷವೂ ಒಂದು ಲಕ್ಷಕ್ಕಿಂತ ಹೆಚ್ಚಿದ್ದವು. ಶಿಕ್ಷಕರ ಅಗತ್ಯ ತೀರಿಲ್ಲ. ಸಾಲವನ್ನು ಯಾವ ಸಂಬಳದ ಆಧಾರದ ಮೇಲೆ ಮಾಡುತ್ತೇವೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಕನಸಿನ ಕಾಯಂ ಹುದ್ದೆಯ ಸಂಬಳವನ್ನು ಮುಂದಿಟ್ಟುಕೊಂಡು ಸಾಲ ಮಾಡಬಾರದು. ಕಾಯುವ ವರ್ಷಗಳಲ್ಲಿ ಕೈಗೆ ಬರುವ ಅತಿ ಕಡಿಮೆ ಸಂಬಳ ಎಷ್ಟನ್ನು ತಾಳಬಲ್ಲುದೋ ಅಷ್ಟೇ ಸಾಲ ಮಾಡಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. 18,000 ರೂಪಾಯಿಯಲ್ಲಿ ಶೇಕಡ 15, ಅಂದರೆ 2,700 ರೂ. ಕಂತು ಕಟ್ಟಬಹುದೆಂದರೆ, ಮೇಲಿನ ಬಡ್ಡಿ ಮತ್ತು ಏಳು ವರ್ಷದ ಅವಧಿಯ ಲೆಕ್ಕದಲ್ಲಿ ಮಾಡಬಹುದಾದ ಸಾಲ ಸುಮಾರು 1,30,000 ರೂ. ಮಾತ್ರ. ಅದಕ್ಕಿಂತ ಹೆಚ್ಚು ಶುಲ್ಕ ಕೇಳುವ ಕಾಲೇಜಿಗೆ ಸೇರುವ ಮುನ್ನ ಉಳಿದ ಹಣ ಎಲ್ಲಿಂದ ಬರುತ್ತದೆಂದು ಮನೆಯಲ್ಲಿ ತೀರ್ಮಾನವಾಗಲಿ.

ಕ್ರಮವನ್ನೂ ಸರಿಪಡಿಸಿಕೊಳ್ಳಬೇಕು. ಯಾವ ತರಗತಿಗೆ, ಯಾವ ವಿಷಯವನ್ನು, ಯಾವ ಮಾಧ್ಯಮದಲ್ಲಿ ಕಲಿಸಬೇಕೆಂಬ ನಿರ್ಧಾರ ಮೊದಲು, ಡಿ.ಎಲ್.ಎಡ್. ಬೇಕೋ ಬಿ.ಎಡ್. ಬೇಕೋ ಎಂಬುದು ಆಮೇಲೆ. ಕಾಲೇಜಿನ ಆಯ್ಕೆ ಕೊನೆಗೆ. ಕಾಲೇಜಿಗೆ ಎನ್.ಸಿ.ಟಿ.ಇ. ಮಾನ್ಯತೆ ಈಗಲೂ ಇದೆಯೇ ಎಂದು ನೋಡಬೇಕು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಗಳಿಸಿ ಸರಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಸ್ಥಾನ ಪಡೆಯುವುದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಬೇರೊಂದಿಲ್ಲ. ಹಾಜರಾತಿ ಬೇಡವೆನ್ನುವ ಕಾಲೇಜುಗಳಿಂದ ದೂರವಿರುವುದೇ ಲೇಸು. ಟಿ.ಇ.ಟಿ.ಯನ್ನು ಓದುತ್ತಿರುವಾಗಲೇ ಬರೆದು ಮುಗಿಸಬಹುದು. 2021ರಿಂದ ಅದರ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆಯಿದೆ.

ಕೊನೆಯದಾಗಿ ನಮ್ಮ ಸಂಘಸಂಸ್ಥೆಗಳಿಗೆ ಒಂದು ಮಾತು. ಹೊರನಾಡಿನ ಕನ್ನಡ ಸಂಘಗಳೂ ಸಮಾಜದ ಸಂಸ್ಥೆಗಳೂ ಪ್ರತಿವರ್ಷ ಹೆಚ್ಚಿನ ಅಂಕ ಗಳಿಸಿದವರನ್ನು ಸನ್ಮಾನಿಸುತ್ತವೆ, ವಿದ್ಯಾರ್ಥಿವೇತನ ವಿತರಿಸುತ್ತವೆ. ಅದೇ ನಿಧಿಯ ಒಂದು ಭಾಗವನ್ನು ಶಿಕ್ಷಕರಾಗಬಯಸುವವರಿಗೆ ಬಡ್ಡಿಯಿಲ್ಲದ ಸಾಲವಾಗಿ ಮೀಸಲಿಡಬಾರದೇಕೆ? ತಲಾ 1,30,000 ರೂಪಾಯಿಯಂತೆ ಹತ್ತು ಮಂದಿಗೆ ಬೇಕಾಗುವುದು 13 ಲಕ್ಷ. ಒಂದು ವರ್ಷದ ಗಡುವಿನ ಬದಲು ಕಾಯಂ ನೇಮಕಾತಿಯ ಬಳಿಕ ಕಂತು ಪ್ರಾರಂಭವಾಗುವಂತೆ ನಿಯಮ ಮಾಡಿದರೆ ಆ ಹಣ ಮರಳಿ ಬಂದು ಮುಂದಿನವರಿಗೆ ಸಲ್ಲುತ್ತದೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಿಗಾಗಲಿ, ನಮ್ಮವರೇ ನಡೆಸುವ ಶಾಲೆಗಳಿಗಾಗಲಿ, ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಗಡಿಭಾಗದ ಕನ್ನಡ ಶಾಲೆಗಳಿಗಾಗಲಿ ನಾಳೆ ಬೇಕಾಗುವ ಶಿಕ್ಷಕರು ಹೊರಗಿನಿಂದ ತಾವಾಗಿ ಬರುವವರಲ್ಲ. ಶಾಲೆ ಉಳಿಯಬೇಕೆಂದು ವೇದಿಕೆಯ ಮೇಲೆ ಹೇಳುವ ನಾವು, ಆ ಶಾಲೆಯಲ್ಲಿ ಕಲಿಸಲು ಮುಂದೆ ಬರುವ ಹುಡುಗಿಯ ಸಾಲದ ಕಂತಿನ ಬಗ್ಗೆಯೂ ಯೋಚಿಸಬೇಕಾಗಿದೆ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶಗಳು ಪ್ರಾರಂಭವಾಗುವುದಕ್ಕೆ ಮುನ್ನ ಸಂಘಗಳ ಕಾರ್ಯಕಾರಿ ಸಮಿತಿಗಳು ಈ ವಿಷಯವನ್ನು ಸಭೆಯ ಮುಂದಿಡಲಿ ಎಂದು ಆಶಿಸುತ್ತೇವೆ.